ಬಿದಿರು ಕೋಲಿನ ಗಡಿಯಾರ

ಕಾರವಾರದ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ಪ್ರತಿ ಬೇಸಿಗೆ ರಜೆಯಲ್ಲಿ ಟ್ಯಾಗೋರ್ ಕಡಲತೀರದ ಮರಳಿನಲ್ಲಿ ವಾಲಿಬಾಲ್ ಶಿಬಿರ ನಡೆಸುತ್ತೇನೆ. ಮೊದಲ ವರ್ಷ ಬೆಳಗ್ಗೆ ಎಂಟೂವರೆಗೆ ಶುರು ಮಾಡಿ ಹನ್ನೊಂದರವರೆಗೆ ಆಡಿಸಿದೆ. ನಾಲ್ಕನೇ ದಿನ ಒಬ್ಬ ಹುಡುಗನ ಹೆಗಲಿನ ಚರ್ಮ ಸುಲಿಯತೊಡಗಿತು. ಅವನ ತಾಯಿ ಬಂದು, "ಸರ್, ಅಂಗಿ ಹಾಕಿಸಿಯಾದರೂ ಆಡಿಸಬಾರದಿತ್ತೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುವರ್ಷ ಚರ್ಮದ ಕ್ಯಾನ್ಸರ್ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದೆ. "ನಾವು ಮೊದಲೇ ಕಪ್ಪು ಸರ್, ಅದು ಬಿಳಿಯರ ಕಾಯಿಲೆಯಲ್ಲವೇ?" ಎಂದ ಒಬ್ಬ. ಪ್ರಶ್ನೆ ಸುಳ್ಳಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ನಮ್ಮಲ್ಲಿ ಆ ಕ್ಯಾನ್ಸರ್ ಅಪರೂಪ. ಕಪ್ಪು ಚರ್ಮದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದು ಬಿಸಿಲು ಬೀಳದ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲೆಗೆ ಅದು ಶುರುವಾದದ್ದು ಕಾಲ್ಬೆರಳಿನಲ್ಲಿ. ಇದನ್ನೆಲ್ಲ ನುಂಗಿಕೊಂಡು ಬರೀ ಹೆದರಿಸಲು ಹೋದೆ, ಮಕ್ಕಳು ಹೆದರಲಿಲ್ಲ. ಈಗ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ಕ್ಯಾನ್ಸರ್ ಅಪರೂಪ, ಆದರೆ ಇಲ್ಲವೆಂದಲ್ಲ; ಬಿಸಿಲಿಗೆ ಚರ್ಮ ಸುಡುವುದು, ಬೇಗ ಸುಕ್ಕುಗಟ್ಟುವುದು, ಕಣ್ಣಿನ ಬಿಳಿಯ ಮೇಲೆ ಮಾಂಸದ ಪೊರೆ ಬೆಳೆಯುವುದು ನಮಗೂ ತಪ್ಪಿದ್ದಲ್ಲ. ಅಂಗಾಲಿನಲ್ಲಿ ಹೊಸ ಕಪ್ಪು ಮಚ್ಚೆ ಕಂಡು ಅದು ಹರಡುತ್ತಿದ್ದರೆ ವೈದ್ಯರಿಗೆ ತೋರಿಸಿ ಎಂದೂ ಸೇರಿಸುತ್ತೇನೆ.

ಹುಡುಗಿಯರ ಚಿಂತೆ ಬೇರೆ, ಕಪ್ಪಾಗುತ್ತೇವೆ ಎಂಬುದು. ಅವರ ಪಾಲಿಗೆ ಸನ್‌ಸ್ಕ್ರೀನ್ ಎಂದರೆ ಬೆಳ್ಳಗಾಗಿಸುವ ಕ್ರೀಮಿನ ತಂಗಿ. ನಾನೇ ಎಸ್‌ಪಿಎಫ್ 30ರ (ಬಿಸಿಲು ತಡೆಯುವ ಶಕ್ತಿಯ ಅಳತೆ) ಒಂದು ಟ್ಯೂಬ್ ತಂದೆ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಎರಡು ಗಂಟೆಗೊಮ್ಮೆ ಮತ್ತೆ. ಇಪ್ಪತ್ತಾರು ಮಕ್ಕಳಿಗೆ ಅದು ಎರಡನೇ ದಿನಕ್ಕೇ ಖಾಲಿ. ನನ್ನ ಸಂಬಳಕ್ಕೆ ಒಗ್ಗುವ ಉಪಾಯವಲ್ಲ.

ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಯ ಮೀನುಗಾರರು ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡು ದಡದಲ್ಲಿ ನಿಂತಿರುವುದನ್ನು ದಿನವೂ ನೋಡುತ್ತಿದ್ದೆ. ನೋಡಿಯೂ ಹೊಳೆದಿರಲಿಲ್ಲ. ಅಣ್ಣಂದಿರ, ಅಪ್ಪಂದಿರ ಹಳೆಯ ತುಂಬುತೋಳಿನ ಹತ್ತಿ ಅಂಗಿ ತರಲು ಹೇಳಿದೆ. ಜೊತೆಗೆ ಅಂಕಣದ ಪಕ್ಕ ಮೂರಡಿಯ ಬಿದಿರು ಕೋಲು ನೆಟ್ಟು, ಅದರ ಸುತ್ತ ಮೂರಡಿ ದೂರಕ್ಕೆ ಮರಳಿನಲ್ಲಿ ವೃತ್ತ ಗೀರಿಸಿದೆ. ನೆರಳು ಕೋಲಿಗಿಂತ ಗಿಡ್ಡವಾದರೆ ಚರ್ಮ ಸುಡುವ ನೇರಳಾತೀತ ಕಿರಣ ಜೋರಾಗಿದೆ ಎಂದರ್ಥ. ಏಪ್ರಿಲ್ ಕೊನೆಯಲ್ಲಿ ನಮ್ಮೂರಿನಲ್ಲಿ ಸೂರ್ಯ ನಡು ಹಗಲು ನೆತ್ತಿಯ ಮೇಲೇ ಇರುತ್ತಾನೆ, ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಅದನ್ನು ನೋಡಲೆಂದೇ ಇಬ್ಬರು ಒಂದು ದಿನ ಹನ್ನೆರಡೂವರೆಗೆ ಬಂದು ನನ್ನಿಂದ ಬೈಸಿಕೊಂಡರು.

ನೆರಳು ವೃತ್ತದೊಳಕ್ಕೆ ಬರುವುದು ಸುಮಾರು ಒಂಬತ್ತೂವರೆಗೆ. ಆದ್ದರಿಂದ ಶಿಬಿರ ಈಗ ಆರೂವರೆಗೆ ಶುರು, ನೆರಳು ಒಳಗೆ ಬಂದರೆ ಸೀಟಿ ಊದಿ ಆಟ ನಿಲ್ಲಿಸುತ್ತೇನೆ. ಕಳೆದ ಸಲ ಕೊನೆಯ ಸೆಟ್ 23-23ಕ್ಕೆ ಬಂದು ನಿಂತಿತ್ತು, ಸೀಟಿ ಊದಲು ನನಗೇ ಮನಸ್ಸಿರಲಿಲ್ಲ. ಹಿಂದೆ ಹೆಗಲು ಸುಟ್ಟುಕೊಂಡಿದ್ದ ಹುಡುಗನೇ ಬದಿಯಿಂದ ಕೂಗಿದ: "ಸರ್, ನೆರಳು ಒಳಗೆ ಬಂತು!"

ಊದಿದೆ. ಉಳಿದ ಅಂಕಗಳನ್ನು ಮರುದಿನ ಆರೂವರೆಗೆ ಆಡಿಸಿದೆವು.