ಉತ್ತರ ಚೊಕ್ಕವಾಗಿ ಬಂತು, ಆದರೆ ತಪ್ಪು

ಸಂಜೆ ಹೊತ್ತು ಮನೆಯಲ್ಲೇ ಒಂಬತ್ತನೇ ಕ್ಲಾಸಿನ ಆರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕೋನಮಾಪಕ ಇಟ್ಟು ಅಳೆಯುವುದೆಂದರೆ ಅವರಿಗೆ ಖುಷಿ. ಕೋನದ ಜಾಗದಲ್ಲಿ ಎಕ್ಸ್ ಬಂತೋ, ಮುಖ ಸಣ್ಣದಾಗುತ್ತದೆ.

ಒಂದು ದಿನ ಬೋರ್ಡಿನ ಮೇಲೆ ಎರಡು ಸಮಾಂತರ ಗೆರೆ ಎಳೆದು, ಅವನ್ನು ಕತ್ತರಿಸುವ ಹಾಗೆ ಒಂದು ಛೇದಕ ಹಾಕಿದೆ. ಗೆರೆಗಳ ನಡುವೆ, ಛೇದಕದ ಬಲಗಡೆ ಎರಡು ಕೋನ. ಮೇಲಿನದಕ್ಕೆ 3ಎಕ್ಸ್ + 10, ಕೆಳಗಿನದಕ್ಕೆ 5ಎಕ್ಸ್ − 30 ಎಂದು ಬರೆದೆ. ನನ್ನ ತಲೆಯಲ್ಲಿ ಇದ್ದದ್ದು ಪರ್ಯಾಯ ಕೋನ, ಅಂದರೆ ಸಮಾಂತರ ಗೆರೆಗಳ ನಡುವೆ ಛೇದಕದ ಆಚೆ ಒಂದು, ಈಚೆ ಒಂದು ಬರುವ ಜೋಡಿ; ಅವು ಸಮ. ಹಾಗಾಗಿ ಎರಡನ್ನೂ ಸಮ ಮಾಡಿಬಿಟ್ಟೆ. 2ಎಕ್ಸ್ = 40, ಎಕ್ಸ್ = 20. ಎರಡೂ ಕೋನ 70 ಡಿಗ್ರಿ. ತಾಳೆ ನೋಡಿದರೂ ಸರಿ. ಭಿನ್ನರಾಶಿ ಇಲ್ಲ, ದಶಮಾಂಶ ಇಲ್ಲ. ಇಷ್ಟು ಚೊಕ್ಕವಾಗಿ ಬಂದರೆ ಯಾರಿಗೆ ಅನುಮಾನ ಬರುತ್ತೆ, ಅಲ್ವಾ?

ಮೂಲೆಯಲ್ಲಿ ಕೂತಿದ್ದ ಹುಡುಗಿ ಕೇಳಿದಳು: “ಮಿಸ್, ಎರಡೂ 70 ಆದ್ರೆ ಆ ಗೆರೆಗಳು ಬಲಗಡೆ ಹೋಗಿ ಸೇರ್ಕೊಳ್ಳಲ್ವಾ?”

ಸೇರಿಕೊಳ್ಳುತ್ತವೆ. 70 ಮತ್ತು 70 ಸೇರಿ 140. ಅಲ್ಲೊಂದು ತ್ರಿಭುಜವಾಗಿ, ಮೂರನೇ ಕೋನ 40 ಆಗುತ್ತದೆ. ಒಂದೇ ಪಕ್ಕದ ಒಳಕೋನಗಳ ಮೊತ್ತ 180ಕ್ಕಿಂತ ಕಡಿಮೆಯಾದರೆ ಗೆರೆಗಳು ಆ ಕಡೆಗೆ ಸೇರುತ್ತವೆ ಅನ್ನುವುದು ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆ (ಸಾಧಿಸದೆ ಒಪ್ಪಿಕೊಳ್ಳುವ ಹೇಳಿಕೆ). ಆ ಪಾಠ ನಾನೇ ಮಾಡಿದ್ದೆ! ಛೇದಕವನ್ನು ಗೆರೆಗಳಿಗೆ ಹೆಚ್ಚು ಕಡಿಮೆ ಲಂಬವಾಗಿ ಎಳೆದಿದ್ದರಿಂದ ಕಣ್ಣಿಗೂ ಗೊತ್ತಾಗಿರಲಿಲ್ಲ.

ಅಳಿಸಿ ಮತ್ತೆ ಬರೆದೆ. ಮೊತ್ತ 180 ಆಗಬೇಕು. 8ಎಕ್ಸ್ − 20 = 180, ಎಕ್ಸ್ = 25. ಕೋನಗಳು 85 ಮತ್ತು 95. ಇದೂ ಅಷ್ಟೇ ಚೊಕ್ಕ.

ಆಮೇಲಿಂದ ಎಕ್ಸ್ ಮುಟ್ಟುವ ಮೊದಲು ಚಿತ್ರದ ಮೇಲೆ ಬೆರಳಿಟ್ಟು ಬಾಯಲ್ಲಿ ಹೇಳಿಸುತ್ತೇನೆ: “ಇವೆರಡೂ ಸಮ, ಶೃಂಗಾಭಿಮುಖ ಕೋನ” (ಎರಡು ಗೆರೆ ಕತ್ತರಿಸಿದಲ್ಲಿ ಎದುರುಬದುರು ಬರುವವು), ಇಲ್ಲವೇ “ಇವೆರಡೂ ಸೇರಿ 180, ಸರಳ ಯುಗ್ಮ” (ಒಂದೇ ನೇರ ಗೆರೆಯ ಮೇಲೆ ಅಕ್ಕಪಕ್ಕ ಕೂರುವವು). ಕಾರಣ ಹೇಳದೆ ಸಮೀಕರಣ ಬರೆಯುವ ಹಾಗಿಲ್ಲ. ಸಮೀಕರಣ ಬಿಡಿಸುವುದಕ್ಕೆ ಅವರಿಗೆ ನಾನು ಬೇಕಾಗಿಲ್ಲ. ಇನ್ನೊಂದು ಚಾಳಿ ಇದೆ, ಎಕ್ಸ್ = 25 ಎಂದು ಬರೆದು ಪೆನ್ನು ಕೆಳಗಿಡುವುದು. ಕೇಳಿದ್ದು ಕೋನ. 25 ಡಿಗ್ರಿಯ ಕೋನ ಚಿತ್ರದಲ್ಲೇ ಇಲ್ಲ.

ಈಗ ಟೆಸ್ಟಿನಲ್ಲಿ ಆ ಲೆಕ್ಕವನ್ನೇ ಎರಡು ಚಿತ್ರಕ್ಕೆ ಕೊಡುತ್ತೇನೆ. ಒಂದರಲ್ಲಿ ಪರ್ಯಾಯ ಕೋನ, ಪಕ್ಕದಲ್ಲೇ ನಾನು ಎಡವಿದ ಚಿತ್ರ. ಆರು ಜನರಲ್ಲಿ ಇಬ್ಬರು ಈಗಲೂ ಎರಡಕ್ಕೂ 20 ಎಂದೇ ಬರೆಯುತ್ತಾರೆ.