3.3 ವೋಲ್ಟಿನ ಬೋರ್ಡಿಗೆ ಆರ್‌ಎಸ್-485 ಚಿಪ್ ಆರಿಸಿದ ಬಗೆ

ಅಡಿಕೆ ತೋಟದ ತೊಟ್ಟಿಯಲ್ಲಿನ ನೀರಿನ ಮಟ್ಟವನ್ನು 300 ಮೀಟರ್ ದೂರದ ಪಂಪ್‌ಮನೆಗೆ ತಿಳಿಸುವ ಬ್ಯಾಟರಿ ಚಾಲಿತ ಸಾಧನವೊಂದನ್ನು ಮಾಡುವಾಗ, ಡ್ರಾಯರ್‌ನಲ್ಲಿ ಹತ್ತಾರು ಬಿದ್ದಿದ್ದವು ಎಂಬ ಒಂದೇ ಕಾರಣಕ್ಕೆ ನಾನು ಮ್ಯಾಕ್ಸ್485 ಎಂಬ ಆರ್‌ಎಸ್-485 (ಎರಡು ತಂತಿಗಳ ವೋಲ್ಟೇಜ್ ವ್ಯತ್ಯಾಸದಿಂದ ದೂರಕ್ಕೆ ಡೇಟಾ ಕಳಿಸುವ ಮಾನಕ) ಚಿಪ್ಪನ್ನು ಹಾಕಿದೆ. ಅದು 5 ವೋಲ್ಟಿನ ಚಿಪ್, ನನ್ನ ಬೋರ್ಡಿನದು 3.3 ವೋಲ್ಟ್. ಮೇಜಿನ ಮೇಲೆ ಎರಡು ಮೀಟರ್ ತಂತಿಯಲ್ಲಿ ಎಲ್ಲವೂ ಸರಿಯಾಗಿ ನಡೆದದ್ದರಿಂದ ನಾನು ಮೋಸಹೋದೆ. ತೋಟದಲ್ಲಿ ಪಂಪ್ ಚಾಲೂ ಆದಾಗಲೆಲ್ಲ ಚೆಕ್‌ಸಮ್ (ಡೇಟಾ ಕೆಡದೆ ಬಂದಿದೆಯೇ ಎಂದು ನೋಡುವ ಲೆಕ್ಕ) ತಪ್ಪತೊಡಗಿತು.

ಎರಡೂ ತುದಿಗಳಲ್ಲಿ 120 ಓಂ ಟರ್ಮಿನೇಶನ್ (ಸಂಕೇತ ತುದಿಯಿಂದ ಹಿಂದಿರುಗದಂತೆ ಎರಡು ತಂತಿಗಳ ನಡುವೆ ಹಾಕುವ ರೆಸಿಸ್ಟರ್) ಇರುವಂತೆಯೇ ಎ ಮತ್ತು ಬಿ ತಂತಿಗಳ ನಡುವೆ ಆಸಿಲೋಸ್ಕೋಪ್ ಹಿಡಿದಾಗ 1 ವೋಲ್ಟ್ ಕೂಡ ಕಾಣಲಿಲ್ಲ. ಆರ್‌ಎಸ್-485 ಮಾನಕವು 54 ಓಂ ಹೊರೆಯಲ್ಲಿಯೂ ಕನಿಷ್ಠ 1.5 ವೋಲ್ಟ್ ಕೇಳುತ್ತದೆ. ಅಂದಿನಿಂದ ನಾನು ಡೇಟಾಶೀಟಿನ ಮೊದಲ ಪುಟವನ್ನು ಬಿಟ್ಟು, ಹೊರೆಯಿರುವಾಗಿನ ‘ಕನಿಷ್ಠ’ ಕಾಲಂ ಅನ್ನೇ ಮೊದಲು ನೋಡುತ್ತೇನೆ.

3.3 ವೋಲ್ಟಿನದೇ ಆದ ಮ್ಯಾಕ್ಸ್3485 ಹಾಕಿದ ಮೇಲೆ ಈ ತೊಂದರೆ ತೀರಿತಾದರೂ ಇನ್ನೊಂದು ಎದ್ದಿತು. ಯಾರೂ ಮಾತಾಡದಿರುವಾಗ ಟರ್ಮಿನೇಶನ್‌ನಿಂದಾಗಿ ಎರಡು ತಂತಿಗಳ ವ್ಯತ್ಯಾಸ ಸೊನ್ನೆಗೆ ಇಳಿಯುತ್ತದೆ. ರಿಸೀವರಿನ ತೀರ್ಮಾನ ±200 ಮಿಲಿವೋಲ್ಟ್‌ಗಳ ನಡುವೆ ಖಚಿತವಿಲ್ಲದ ಕಾರಣ ಬೇಡದ ಬೈಟುಗಳು ಹುಟ್ಟುತ್ತಿದ್ದವು. ಆ ವ್ಯತ್ಯಾಸವನ್ನು ಸೊನ್ನೆಯಿಂದ ಮೇಲೆ ಹಿಡಿದಿಡುವ ಬಯಾಸ್ ರೆಸಿಸ್ಟರ್ ಹಾಕೋಣವೆಂದು ಲೆಕ್ಕ ಮಾಡಿದೆ: ಎರಡು ಟರ್ಮಿನೇಶನ್‌ಗಳು ಸೇರಿದ 60 ಓಂ ಮೇಲೆ 200 ಮಿಲಿವೋಲ್ಟ್ ಉಳಿಸಲು ಸುಮಾರು 3.3 ಮಿಲಿಆಂಪಿಯರ್ ಹಗಲೂ ರಾತ್ರಿ ಹರಿಯಬೇಕು. ಬ್ಯಾಟರಿಯ ಸಾಧನಕ್ಕೆ ಇದು ದುಬಾರಿ.

ಆದ್ದರಿಂದ ‘0’ ಮತ್ತು ‘1’ ಅನ್ನು ಬೇರ್ಪಡಿಸುವ ಹೊಸ್ತಿಲು ವೋಲ್ಟೇಜನ್ನೇ ಸೊನ್ನೆಗಿಂತ ಕೆಳಗೆ ಇರಿಸಿರುವ, ಸುಮ್ಮನಿರುವ ಬಸ್ಸನ್ನು (ಎಲ್ಲ ಸಾಧನಗಳೂ ಹಂಚಿಕೊಳ್ಳುವ ತಂತಿಜೋಡಿಯನ್ನು) ತಾನಾಗಿಯೇ ‘1’ ಎಂದು ಓದುವ ಎಸ್‌ಎನ್65ಎಚ್‌ವಿಡಿ72 ಚಿಪ್ಪನ್ನು ಆರಿಸಿದೆ. ಅದರ ವೇಗ 250 ಕೆಬಿಪಿಎಸ್ (ಸೆಕೆಂಡಿಗೆ ಸಾವಿರ ಬಿಟ್) ಮಾತ್ರ. ನನಗೆ 9600 ಬಾಡ್ ಸಾಕಾಗಿದ್ದರಿಂದ, ಅಂಚುಗಳು ನಿಧಾನವಾಗಿ ಏರಿಳಿಯುವ ಚಿಪ್ಪೇ ಉದ್ದ ತಂತಿಗೆ ಒಳ್ಳೆಯದು. ಹತ್ತಾರು ಎಂಬಿಪಿಎಸ್ ಎಂಬ ಆಮಿಷಕ್ಕೆ ಬಿದ್ದರೆ ತಂತಿಯ ತುದಿಯ ಪ್ರತಿಫಲನಗಳೊಡನೆ ಗುದ್ದಾಡಬೇಕಾಗುತ್ತದೆ.

ಚಿಪ್ ಸರಿಯಾದರೂ ಡಿಇ ಪಿನ್ನಿಗೆ (ತಂತಿಗೆ ಸಂಕೇತ ಕಳಿಸಲು ಚಿಪ್ಪಿಗೆ ಅನುಮತಿ ಕೊಡುವ ಪಿನ್) 10 ಕಿಲೋಓಂ ಪುಲ್‌ಡೌನ್ (ಪಿನ್ನನ್ನು ಸೊನ್ನೆಯಲ್ಲಿ ಹಿಡಿದಿಡುವ ರೆಸಿಸ್ಟರ್) ಹಾಕುವುದನ್ನು ಮರೆತಿದ್ದೆ. ಮೈಕ್ರೋಕಂಟ್ರೋಲರ್ ಎಚ್ಚರವಾಗುವ ಮೊದಲಿನ ಕೆಲವು ಮಿಲಿಸೆಕೆಂಡುಗಳಲ್ಲಿ ಆ ಪಿನ್ ಸೊನ್ನೆಯಲ್ಲಿ ನಿಲ್ಲದೆ, ಬೇರೆ ಸಾಧನ ಮಾತಾಡುತ್ತಿರುವಾಗಲೇ ಬಸ್ಸನ್ನು ಹಿಡಿದುಕೊಳ್ಳುತ್ತಿತ್ತು. ಮುದ್ರಿಸಿಯಾಗಿದ್ದ ಬೋರ್ಡುಗಳ ಬೆನ್ನಿಗೆ ಒಂದೊಂದೇ ರೆಸಿಸ್ಟರನ್ನು ಕೈಯಿಂದ ಬೆಸೆದೆ.