ಒಂದೇ ಪ್ರೊಜೆಕ್ಟರ್ ಇದ್ದರೂ ಕರೆಂಟ್ ಪಾಠ ಹೀಗೆ ಮಾಡಿ

ನಾನು ಬೆಂಗಳೂರಿನ ರಾಜಾಜಿನಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿರುವುದು ಒಂದೇ ಪ್ರೊಜೆಕ್ಟರ್. ಅಷ್ಟು ಸಾಕು.

ಹಿಂದಿನ ದಿನವೇ ಫೆಟ್ (PhET) ಜಾಲತಾಣದಿಂದ ಡಿಸಿ ಸರ್ಕ್ಯೂಟ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ಸರ್ಕ್ಯೂಟ್ ಜೋಡಿಸಿ ನೋಡುವ ಪ್ರಯೋಗ, ಡೌನ್‌ಲೋಡ್ ಮಾಡಿಕೊಳ್ಳಿ. ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಪೂರ್ತಿ ಉಚಿತ. ಡೌನ್‌ಲೋಡ್ ಆದಮೇಲೆ ನೆಟ್ ಬೇಕಿಲ್ಲ.

ಆದರೆ ತರಗತಿಯಲ್ಲಿ ಮೊದಲು ಪರದೆ ಬೇಡ. ಟಾರ್ಚ್ ಬಲ್ಬು, ವೈರು, ಸೆಲ್ಲು ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಗುಂಪಿಗೊಂದು ಸೆಟ್ ಕೊಡಿ. ಬಲ್ಬನ್ನು ಮಕ್ಕಳೇ ಹೊತ್ತಿಸಲಿ.

ಆಮೇಲೆ ಬೋರ್ಡಿನ ಮೇಲೆ ಬರೆಯಿರಿ: ಬಲ್ಬಿಗೆ ಹೋಗುವ ಕರೆಂಟ್ ಜಾಸ್ತಿಯೋ, ಹೊರಗೆ ಬರುವ ಕರೆಂಟ್ ಜಾಸ್ತಿಯೋ, ಎರಡೂ ಒಂದೇನಾ? ‘ಬಲ್ಬು ಸ್ವಲ್ಪ ತಿಂದುಬಿಡುತ್ತೆ ಮಿಸ್’ ಅಂತ ತುಂಬಾ ಮಕ್ಕಳು ಹೇಳುತ್ತಾರೆ. ಆಗಲೇ ತಿದ್ದಬೇಡಿ. ಎಲ್ಲರೂ ಉತ್ತರ ಬರೆದಿಡಲಿ, ಪಕ್ಕದವರ ಜೊತೆ ವಾದ ಮಾಡಲಿ. ನನಗೆ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ವಾದವೇ.

ಈಗ ಪ್ರೊಜೆಕ್ಟರ್ ಹಾಕಿ. ಮೌಸ್ ಮಗುವಿನ ಕೈಯಲ್ಲಿರಲಿ. ಬಲ್ಬಿನ ಎರಡೂ ಬದಿಗೆ ಕರೆಂಟ್ ಅಳೆಯುವ ಆಮೀಟರ್ ಇಡಿಸಿ. ಎರಡರಲ್ಲೂ ಒಂದೇ ಅಳತೆ! ಎಲೆಕ್ಟ್ರಾನುಗಳು ಒಂದೇ ವೇಗದಲ್ಲಿ ಸಾಗುವುದೂ ಕಾಣುತ್ತದೆ. ಬಲ್ಬು ಕರೆಂಟನ್ನು ತಿನ್ನುವುದಿಲ್ಲ, ಶಕ್ತಿಯನ್ನು ಬೆಳಕು, ಬಿಸಿಯಾಗಿ ಬದಲಿಸುತ್ತದೆ ಅಂತ ಆಗ ಹೇಳಿ.

ಶಾರ್ಟ್ ಸರ್ಕ್ಯೂಟ್ ಮಾತ್ರ ಪರದೆಯಲ್ಲೇ ತೋರಿಸಿ, ನಿಜವಾದ ಸೆಲ್ಲಿನಲ್ಲಿ ಬೇಡ.

ಮನೆಯಲ್ಲಿ ಮತ್ತೆ ಓದುವವರು ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಬಹುದು. ಫೋನ್ ಇಲ್ಲದ ಮಕ್ಕಳಿಗೆ ಊಟದ ಬಿಡುವಿನಲ್ಲಿ ಶಾಲೆಯ ಲ್ಯಾಪ್‌ಟಾಪ್ ಬಿಟ್ಟುಕೊಡಿ.